ಟೈರು ಕೊಳ್ಳುವ ವಿಚಾರ

ಮೋಟಾರು ಗಾಡಿಯ ವಿಷಯವಾಗಿ ಮಾತು ಬಂದಾಗ ಜನರು ಎಂಜಿನ್ನಿನ ಶಕ್ತಿಯನ್ನೂ ಮೈಬಣ್ಣದ ಕಾಂತಿಯನ್ನೂ ಒಳಗಿನ ಆಸನಗಳ ಮಾರ್ದವವನ್ನೂ ಬಾಯ್ತುಂಬ ಕೊಂಡಾಡುವರೇ ಹೊರತು, ಆ ಶಕ್ತಿಯನ್ನೆಲ್ಲ ನೆಲಕ್ಕೆ ಮುಟ್ಟಿಸುವ ಹೊಣೆಯನ್ನು ಹೊತ್ತು ಧೂಳಿನಲ್ಲಿಯೂ ಕೆಸರಿನಲ್ಲಿಯೂ ಉರುಳುತ್ತಿರುವ ನಾಲ್ಕು ಟೈರುಗಳನ್ನು ಕುರಿತು ಆದರದ ಮಾತೊಂದನ್ನು ಆಡಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಪಂಕ್ಚರಾದ ದಿನ ಟೈರು ನೆನಪಿಗೆ ಬರುತ್ತದೆ, ಮರುದಿನ ಮರೆತುಹೋಗುತ್ತದೆ. ಲೋಕದ ಈ ಔದಾಸೀನ್ಯವನ್ನು ತಪ್ಪೆನ್ನಲಾಗದು. ಕಛೇರಿಗೂ ಅಂಗಡಿಗೂ ಹೋಗಿಬರುವ ಸದ್ಗೃಹಸ್ಥನಿಗೆ ಟೈರಿನ ಸಾಮರ್ಥ್ಯದಲ್ಲಿ ಅಲ್ಪಾಂಶವೂ ಬೇಕಾಗುವುದಿಲ್ಲ. ಆದರೆ ಭಾನುವಾರದ ಬೆಳಗ್ಗೆ ಖಾಲಿ ಬಿದ್ದಿರುವ ವಿಸ್ತಾರವಾದ ಪಾರ್ಕಿಂಗ್ ಲಾಟಿನಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ನಿಲ್ಲಿಸಿ, ಅಂಕುಡೊಂಕಾದ ದಾರಿಯೊಂದನ್ನು ನಿರ್ಮಿಸಿ, ಅದರೊಳಗೆ ಒಬ್ಬರಾದ ಮೇಲೊಬ್ಬರು ಗಡಿಯಾರದೊಡನೆ ಸ್ಪರ್ಧಿಸುವ ಆಟೋಕ್ರಾಸ್ ಎಂಬ ವ್ಯಸನಕ್ಕೆ ಒಮ್ಮೆ ವಶನಾದವನ ದೃಷ್ಟಿಯಲ್ಲಿ ಈ ಮೌಲ್ಯಕ್ರಮವೆಲ್ಲ ತಲೆಕೆಳಗಾಗಿ, ಎಂಜಿನ್ನು ಅಪ್ರಧಾನವಾಗಿ, ಬಣ್ಣವು ನಿಷ್ಪ್ರಯೋಜಕವಾಗಿ, ಟೈರೊಂದೇ ಪರಮಾರ್ಥವಾಗಿ ಉಳಿಯುತ್ತದೆ.

ನಾನು ನೆಲೆಸಿರುವ ಮಿಚಿಗನ್ ಪ್ರಾಂತದಲ್ಲಿ ಈ ವ್ಯಸನಕ್ಕೆ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಕಾಲ. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾ ಎಂಬ ಸಂಸ್ಥೆಯು ಇದಕ್ಕೆ ನಿಯಮಗಳನ್ನು ರಚಿಸಿದೆ. ಕಾಲವನ್ನು ಸೆಕೆಂಡಿನ ಸಾವಿರದಲ್ಲೊಂದು ಅಂಶದವರೆಗೆ ಅಳೆಯುತ್ತಾರೆ. ಕೆಡವಿದ ಒಂದೊಂದು ಕೋನಿಗೂ ಎರಡು ಸೆಕೆಂಡು ದಂಡ. ತನ್ನ ಸರದಿಯಿಲ್ಲದ ವೇಳೆಯಲ್ಲಿ ಬಿಸಿಲಿನಲ್ಲಿ ನಿಂತು, ಪರರು ಕೆಡವಿದ ಕೋನುಗಳನ್ನು ಓಡಿಹೋಗಿ ನಿಲ್ಲಿಸುವ ಊಳಿಗವೂ ಸ್ಪರ್ಧಾಳುವಿನದೇ. ವೈದ್ಯನಾಗಲಿ ವಕೀಲನಾಗಲಿ ಈ ಊಳಿಗಕ್ಕೆ ಹೊರತಲ್ಲ. ಗಾಡಿಯ ವೇಗವು ಹೆದ್ದಾರಿಯ ವೇಗವನ್ನು ಮೀರುವುದು ಅಪರೂಪ; ಆದರೆ ಆ ಒಂದು ನಿಮಿಷದ ಓಟದಲ್ಲಿ ಟೈರು ನೆಟ್ಟಗೆ ಉರುಳುವ ಕ್ಷಣವೆಂಬುದೇ ಇಲ್ಲ. ನನ್ನ ಸಣ್ಣ ಮಿಯಾಟಾ ಗಾಡಿಯು ನನ್ನನ್ನೂ ಸೇರಿಸಿ ಸುಮಾರು 1,100 ಕಿಲೋಗ್ರಾಂ ತೂಗುತ್ತದೆಯೆಂದು ಇಟ್ಟುಕೊಂಡರೆ, ಒಂದೊಂದು ಚಕ್ರದ ಪಾಲಿಗೆ 275 ಕಿಲೋಗ್ರಾಂ ಬೀಳುತ್ತದೆ. ಒಳಗಿನ ಗಾಳಿಯ ಒತ್ತಡ 30 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಎರಡು ಕಿಲೋಗ್ರಾಂಗೆ ತುಸು ಮೇಲಾದರೆ, ನೆಲಕ್ಕೆ ತಾಗಿರುವ ರಬ್ಬರು ಹೆಚ್ಚುಕಡಿಮೆ 130 ಚದರ ಸೆಂಟಿಮೀಟರು. ಅಷ್ಟು, ನನ್ನ ಹಸ್ತ ಮುಚ್ಚುವಷ್ಟು ಜಾಗ. ಬ್ರೇಕು, ತಿರುವು, ವೇಗವರ್ಧನೆಗಳೆಲ್ಲವೂ ಇಂಥ ನಾಲ್ಕು ತುಂಡು ಜಾಗಗಳ ಮೂಲಕವೇ ನಡೆಯತಕ್ಕವು. ಶಾಲೆಯ ಭೌತಶಾಸ್ತ್ರದಲ್ಲಿ ಘರ್ಷಣೆಯು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲವೆಂದು ಕಲಿತವರು ಹಾಗಿದ್ದರೆ ಅಗಲವಾದ ಟೈರಿನ ಗೀಳೇಕೆಂದು ಕೇಳಬಹುದು. ರಬ್ಬರು ಆ ಸೂತ್ರಕ್ಕೆ ವಿಧೇಯವಲ್ಲ. ಮೇಲಿನ ಭಾರವನ್ನು ಇಮ್ಮಡಿಸಿದರೆ ಹಿಡಿತವು ಹೆಚ್ಚುವುದು ನಿಜ, ಇಮ್ಮಡಿಯಾಗುವುದಿಲ್ಲ. ಆದುದರಿಂದ ಭಾರವನ್ನು ಹಂಚಿ ಹರಡಿದಷ್ಟೂ ಲಾಭವುಂಟು.

ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ, ಹೊಸದಾಗಿ ಗಾಲ್ಫ್ ಜಿಟಿಐ ಕೊಂಡಿದ್ದ ಹುಬ್ಬಳ್ಳಿಯ ತರುಣನೊಬ್ಬನು ನನ್ನ ಪಕ್ಕದಲ್ಲಿ ಕುಳಿತು, ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಪ್ರಶ್ನೆಯನ್ನು ಹಾಕಿದನು: “ಸರ, ಇದ್ದದ್ರಾಗ ಬೆಸ್ಟ್ ಟೈರ್ ಯಾವ್ದು ಹೇಳಿಬಿಡ್ರಿ, ರೊಕ್ಕದ್ದೇನ್ ಚಿಂತಿಲ್ಲ.” ಎಷ್ಟು ಹೊತ್ತಿಗೆ ಬೇಕು ಎಂದೆ. ಅವನು ನಾನು ಹಾಸ್ಯ ಮಾಡುತ್ತಿರುವೆನೆಂದು ಭಾವಿಸಿ ಸೌಜನ್ಯದಿಂದ ನಕ್ಕನು. ಹಾಸ್ಯವಲ್ಲ. ಟೈರಿನ ವಿಷಯದಲ್ಲಿ ಉತ್ತಮ, ಮಧ್ಯಮ, ಅಧಮವೆಂಬ ವಿಂಗಡಣೆಯೆಲ್ಲ ಕಾಲದ ಅಳತೆಯನ್ನು ಹೇಳದ ಹೊರತು ನಿರರ್ಥಕವೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ನಿಮಿಷಕ್ಕೆ ಉತ್ತಮವಾದುದು ಇಪ್ಪತ್ತು ನಿಮಿಷಕ್ಕೆ ಅಧಮವಾಗುವುದನ್ನೂ, ಇಪ್ಪತ್ತು ನಿಮಿಷ ದುಡಿಯುವ ಧೀರವಾದ ಟೈರು ಒಂದು ನಿಮಿಷದ ಆಟದಲ್ಲಿ ಜಡವಾಗಿ ಕಾಣುವುದನ್ನೂ ಯಾವ ಪಾರ್ಕಿಂಗ್ ಲಾಟಿನಲ್ಲಿ ನಿಂತರೂ ನೋಡಬಹುದು.

ಇದರ ಕಾರಣವು ರಬ್ಬರಿನ ಸ್ವಭಾವದಲ್ಲಿಯೇ ಇದೆ. ಕಣ್ಣಿಗೆ ಸಮತಟ್ಟಾಗಿ ತೋರುವ ಡಾಂಬರಿನ ಮೈಯೆಲ್ಲ ವಾಸ್ತವವಾಗಿ ಸಣ್ಣ ಜಲ್ಲಿಯ ಮೊನೆಗಳು. ಮೆದುವಾದ ರಬ್ಬರು ಆ ಮೊನೆಗಳ ಸುತ್ತ ಇಳಿದು ಕುಳಿತು, ಮುಂದಕ್ಕೆ ಸರಿಯುವಾಗ ತನ್ನ ಮೊದಲಿನ ಆಕಾರಕ್ಕೆ ಮರಳಲು ಕಿಂಚಿತ್ ವಿಳಂಬ ಮಾಡುತ್ತದೆ. ಆ ವಿಳಂಬದಲ್ಲಿ ಶಕ್ತಿಯು ವ್ಯಯವಾಗಿ ಶಾಖವಾಗಿ ಪರಿಣಮಿಸುತ್ತದೆ. ಆ ವ್ಯಯವನ್ನೇ ನಾವು ಹಿಡಿತವೆಂದು ಅನುಭವಿಸುವುದು. ಇದರ ಜೊತೆಗೆ ರಬ್ಬರಿನ ಅಣುಗಳು ಕಲ್ಲಿನ ಮೈಗೆ ಕ್ಷಣಮಾತ್ರ ಅಂಟಿ ಬಿಡುವ ಇನ್ನೊಂದು ವ್ಯಾಪಾರವೂ ಉಂಟು. ಹೀಗಾಗಿ ಚೆನ್ನಾಗಿ ಪುಟಿಯುವ ರಬ್ಬರು ಪೆಟ್ರೋಲನ್ನು ಉಳಿಸುವವನಿಗೆ ಹಿತ, ಪುಟಿಯದ ರಬ್ಬರು ತಿರುವಿನಲ್ಲಿ ಪ್ರಾಣ ಉಳಿಸುವವನಿಗೆ ಹಿತ. ಆದರೆ ಈ ಗುಣಗಳೆಲ್ಲ ಉಷ್ಣಕ್ಕೆ ಅಧೀನ. ಚಿಕ್ಕಿ ಮಾಡಲು ಒಲೆಯ ಮೇಲಿಟ್ಟ ಬೆಲ್ಲದ ಪಾಕವನ್ನು ನಮ್ಮ ತಾಯಂದಿರು ನೀರಿನಲ್ಲಿ ತೊಟ್ಟಿಕ್ಕಿ ನೋಡುತ್ತ, ಎಳೆಯಾದಾಗ ಇಳಿಸಿದರೆ ಹಿಡಿಯದು, ಮೀರಿದರೆ ಕಹಿಯೆಂದು ಕಾಯುತ್ತಿದ್ದರಷ್ಟೆ; ಒಂದೊಂದು ರಬ್ಬರಿನ ಮಿಶ್ರಣಕ್ಕೂ ಅಂಥದೊಂದು ಹದವುಂಟು. ಹದ ಬಾರದ ರಬ್ಬರು ಗಡುಸಾಗಿ ಮೊನೆಗಳ ಮೇಲೆ ತೇಲುತ್ತದೆ. ಹದ ಮೀರಿದ ರಬ್ಬರು ಜಿಡ್ಡಾಗಿ ಅವುಗಳ ಮೇಲೆ ಬಳಿದುಹೋಗುತ್ತದೆ. ಹದಕ್ಕೆ ಬೇಗ ಬರುವ ಮಿಶ್ರಣವು ಬೇಗನೆ ಮೀರುವುದೂ ಸಹಜ.

ಆಟೋಕ್ರಾಸಿನಲ್ಲಿ ಟೈರಿಗೆ ದೊರಕುವ ಅವಕಾಶವಾದರೂ ಎಷ್ಟು? ಸಾಲಿನಲ್ಲಿ ನಿಂತು ನಿಂತು ತಣ್ಣಗಾದ ಗಾಡಿಯು ಹಸಿರು ಬಾವುಟ ಬೀಸಿದೊಡನೆ ಜಿಗಿದು, ಮೊದಲ ಕೋನಿನ ಬಳಿಯಲ್ಲಿಯೇ ಪೂರ್ಣ ಹಿಡಿತವನ್ನು ಬೇಡುತ್ತದೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿದು ಮತ್ತೆ ಸಾಲಿಗೆ ಬಂದು ನಿಲ್ಲುತ್ತದೆ. ಇಲ್ಲಿ ಬೇಕಾದುದು ತಕ್ಷಣ ಎಚ್ಚರಗೊಳ್ಳುವ ಟೈರು. ಯೊಕೊಹಾಮಾದ ಅಡ್ವಾನ್ ಎ052 ಈ ಗುಣಕ್ಕೆ ಪ್ರಸಿದ್ಧವಾದುದು. ಬ್ರಿಜ್‌ಸ್ಟೋನಿನ ಆರ್‌ಇ-71ಆರ್‌ಎಸ್ ಅದರ ಸಮೀಪದ ಪ್ರತಿಸ್ಪರ್ಧಿ. ಒಂದೇ ಗಾಡಿಯನ್ನು ಇಬ್ಬರು ಸರದಿಯ ಮೇಲೆ ಓಡಿಸುವಾಗ ಜುಲೈ ತಿಂಗಳ ಬಿಸಿಲಿನಲ್ಲಿ ಇಂಥ ಟೈರುಗಳು ಕಾದುಹೋಗುವುದರಿಂದ, ತೋಟಕ್ಕೆ ಔಷಧಿ ಸಿಂಪಡಿಸುವ ಪಂಪಿನಿಂದ ಅವುಗಳ ಮೇಲೆ ನೀರನ್ನು ಹೊಡೆಯುವ ಪದ್ಧತಿಯುಂಟು. ಮೊದಲ ಸಲ ನೋಡಿದವನಿಗೆ ಇದೇನೋ ಅಭಿಷೇಕವೆಂದೇ ತೋರೀತು. ಅದೇ ಟೈರನ್ನು ಹಾಕಿಕೊಂಡು, ಮಿಚಿಗನ್ ಸರೋವರದ ದಡದ ಸೌತ್ ಹೇವನ್ ಊರಿನ ಬಳಿ 1996ರಲ್ಲಿ ಆರಂಭವಾದ ಜಿಂಜರ್‌ಮ್ಯಾನ್ ರೇಸ್‌ವೇಗೆ ಹೋದರೆ ಕಥೆ ಬೇರೆ. ಅಲ್ಲಿ ಒಂದು ಸೆಷನ್ನು ಇಪ್ಪತ್ತು ನಿಮಿಷದಷ್ಟು ನಡೆಯುತ್ತದೆ. ಒಂದು ತಿರುವಿನಲ್ಲಿ ಏರಿದ ಶಾಖ ಇಳಿಯುವ ಮುನ್ನ ಮುಂದಿನ ತಿರುವು ಬರುತ್ತದೆ. ಮೊದಲ ಲ್ಯಾಪುಗಳಲ್ಲಿ ಸಾರಥಿಯನ್ನು ದೇವೇಂದ್ರನನ್ನಾಗಿ ಮಾಡಿದ ಟೈರು ಆಮೇಲೆ ಮೆಲ್ಲಮೆಲ್ಲನೆ ಜಿಡ್ಡುಗಟ್ಟಿ, ಸ್ಟಿಯರಿಂಗಿನ ಮಾತಿಗೆ ಅರೆಮನಸ್ಸಿನಿಂದ ಉತ್ತರ ಕೊಡತೊಡಗುತ್ತದೆ. ದಿನದ ಕೊನೆಗೆ ನೋಡಿದರೆ ಹೊರ ಅಂಚಿನ ರಬ್ಬರು ಸುಕ್ಕುಸುಕ್ಕಾಗಿ ಸುರುಳಿ ಎದ್ದಿರುತ್ತದೆ. ಅಲ್ಲಿಗೆ ಹ್ಯಾಂಕೂಕಿನ ಆರ್‌ಎಸ್4ನಂಥ ತಾಳ್ಮೆಯ ಟೈರು ಬೇಕು. ಅದು ನಿಧಾನವಾಗಿ ಹದಕ್ಕೆ ಬಂದು, ಬಂದ ಮೇಲೆ ಅಲ್ಲಿಯೇ ನಿಲ್ಲುತ್ತದೆ, ಸವೆಯುವುದೂ ನಿಧಾನ. ರೇಸಿಗೆಂದೇ ಟೈರು ಮಾಡುವ ಇಂಡಿಯಾನಾದ ಹೂಸಿಯರ್ ಕಂಪನಿಯಂತೂ ಈ ಸತ್ಯವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಆಟೋಕ್ರಾಸಿಗೆ ಎ7 ಎಂದೂ ಟ್ರ್ಯಾಕಿಗೆ ಆರ್7 ಎಂದೂ ಎರಡು ಬೇರೆ ಬೇರೆ ಮಿಶ್ರಣಗಳನ್ನೇ ಮಾರುಕಟ್ಟೆಗೆ ತಂದಿತು. ಉಳಿದ ಕಂಪನಿಗಳಿಂದಲೂ ನಾನು ಇಂಥ ಪ್ರಾಮಾಣಿಕತೆಯನ್ನು ನಿರೀಕ್ಷಿಸುತ್ತೇನೆ, ಸಿಕ್ಕುವುದಿಲ್ಲ.

ಸಿಕ್ಕುವುದು ಒಂದು ಅಂಕಿ. ಅಮೆರಿಕದ ಕಾರಿನ ಟೈರುಗಳ ಪಕ್ಕೆಯ ಮೇಲೆ ಟ್ರೆಡ್‌ವೇರು ಎಂಬ ಸವೆತದ ಸಂಖ್ಯೆಯನ್ನು ಸರ್ಕಾರದ ಕಟ್ಟಳೆಯಂತೆ ಅಚ್ಚೊತ್ತಿರುತ್ತಾರೆ. ಇದರ ಪರೀಕ್ಷೆ ನಡೆಯುವ ಬಗೆ ಬಹಳ ಸ್ವಾರಸ್ಯವಾದುದು: ಟೆಕ್ಸಸ್ ಸಂಸ್ಥಾನದ ಸ್ಯಾನ್ ಆ್ಯಂಜೆಲೊ ಊರಿನ ಸುತ್ತಲಿನ ಸಾರ್ವಜನಿಕ ರಸ್ತೆಗಳಲ್ಲಿ ಸುಮಾರು 400 ಮೈಲಿಯ ಒಂದು ಪ್ರದಕ್ಷಿಣೆಯ ಮಾರ್ಗವಿದ್ದು, ಪರೀಕ್ಷೆಯ ಟೈರುಗಳೂ ಮಾನಕವಾದ ಟೈರುಗಳೂ ಸೇರಿದ ಗಾಡಿಗಳ ಸಾಲು 7,200 ಮೈಲಿಯಾಗುವವರೆಗೆ ಆ ಮಾರ್ಗವನ್ನು ಸುತ್ತುತ್ತದೆ, ಮಾನಕದ ಸವೆತವನ್ನು 100 ಎಂದು ಭಾವಿಸಿ, ಅದರ ಎರಡರಷ್ಟು ಬಾಳುವುದೆಂದು ತೋರಿದುದಕ್ಕೆ 200 ಎಂದು ಬರೆಯುತ್ತಾರೆ. ಆದರೆ ಆ ಅಂಕಿಯನ್ನು ನಿರ್ಧರಿಸಿ ಅಚ್ಚು ಹಾಕುವವನು ತಯಾರಕನೇ. ಕ್ಲಬ್ಬಿನವರು ಬೀದಿಯ ಟೈರಿಗೂ ರೇಸಿನ ಟೈರಿಗೂ ನಡುವೆ ಗಡಿಯೊಂದನ್ನು ಎಳೆಯಬೇಕೆಂದು, ಸ್ಟ್ರೀಟ್ ವರ್ಗದಲ್ಲಿ 200ಕ್ಕೆ ಕಡಮೆಯಾದ ಅಂಕಿಯ ಟೈರು ಕೂಡದೆಂದು ವಿಧಿಸಿದರು. ಆಮೇಲೆ ವೇಗದ ಟೈರುಗಳೆಲ್ಲ, ಏನು ಆಶ್ಚರ್ಯವೋ, ಸರಿಯಾಗಿ 200 ಎಂಬ ಅಂಕಿಯನ್ನೇ ಧರಿಸಿ ಅಂಗಡಿಗೆ ಬರತೊಡಗಿದವು. ಎ052ರ ಮೇಲೂ 200, ಆರ್‌ಎಸ್4ರ ಮೇಲೂ 200. ಒಂದು ಋತುವಿನ ನಡುವೆಯೇ ಒಂದರ ಗೆರೆಗಳು ಮಾಯವಾಗಿ ಇನ್ನೊಂದರ ಗೆರೆಗಳು ಗಟ್ಟಿಯಾಗಿ ನಿಂತಿರುವುದನ್ನು ಕಂಡವರು ಆ ಅಂಕಿಯನ್ನು ಸ್ಪರ್ಧೆಗೆ ಪ್ರವೇಶಪತ್ರವೆಂದು ತಿಳಿಯುತ್ತಾರೆಯೇ ಹೊರತು ಆಯುಷ್ಯದ ಪ್ರಮಾಣವೆಂದು ತಿಳಿಯುವುದಿಲ್ಲ.

ಹುಬ್ಬಳ್ಳಿಯ ತರುಣನಿಗೆ ನಾನು ಇವೆರಡನ್ನೂ ಹೇಳಲಿಲ್ಲ. ಅವನ ಗಾಡಿಯ 225/40ಆರ್18 ಅಳತೆಯಲ್ಲಿ ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಸಿಗುತ್ತದೆ; ಟ್ರೆಡ್‌ವೇರು 300; ಮೊದಲ ಎರಡು ಋತುಗಳು ಅದರ ಮೇಲೆಯೇ ಇರು ಎಂದೆ. ಅವನ ಮುಖ ಸಪ್ಪಗಾಯಿತು. ರೊಕ್ಕದ ಚಿಂತೆಯಿಲ್ಲದವನಿಗೆ ಅಗ್ಗದ ಉಪದೇಶ ರುಚಿಸದು. ಆದರೆ ಇದಕ್ಕೊಂದು ನ್ಯಾಯವಿದೆ. ತಿರುವಿನಲ್ಲಿ ಟೈರು ನಿಜವಾಗಿ ಸಾಗುವ ದಿಕ್ಕಿಗೂ ಅದು ಮುಖಮಾಡಿರುವ ದಿಕ್ಕಿಗೂ ನಡುವೆ ಸಣ್ಣದೊಂದು ಕೋನವಿರುತ್ತದೆ. ಅದನ್ನು ಸ್ಲಿಪ್ ಆಂಗಲು ಎನ್ನುತ್ತಾರೆ. ಆ ಕೋನವು ಹೆಚ್ಚಿದಂತೆ ಹಿಡಿತವೂ ಒಂದು ಶಿಖರದವರೆಗೆ ಹೆಚ್ಚಿ, ಶಿಖರವನ್ನು ದಾಟಿದ ಮೇಲೆ ಇಳಿಯುತ್ತದೆ. ಅತಿಯಾಗಿ ಅಂಟುವ ಟೈರುಗಳಲ್ಲಿ ಆ ಶಿಖರವು ಎತ್ತರವಾಗಿಯೂ ಕಡಿದಾಗಿಯೂ ಇರುತ್ತದೆ. ಅವು ಕೊನೆಯವರೆಗೂ ಮೌನವಾಗಿದ್ದು, ಬಿಡುವಾಗ ಒಮ್ಮೆಲೇ ಬಿಟ್ಟುಬಿಡುತ್ತವೆ. ಸಾಧಾರಣವಾದ ಒಳ್ಳೆಯ ಬೀದಿಯ ಟೈರು ಹಾಗಲ್ಲ. ಶಿಖರಕ್ಕೆ ಇನ್ನೂ ದೂರವಿರುವಾಗಲೇ ಅದು ಗುನುಗತೊಡಗಿ, ಸಮೀಪಿಸಿದಂತೆ ಸ್ವರವನ್ನು ಏರಿಸುತ್ತ, ದಾಟಿದಾಗ ಕಿರುಚಿ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ಕಿವಿಯೂ ಕೈಯೂ ಆಸನದ ಮೇಲಿನ ಮೈಯೂ ಈ ಭಾಷೆಯನ್ನು ಕಲಿಯುವುದಕ್ಕೆ ಮುಂಚೆ ಮೌನಿಯಾದ ಟೈರನ್ನು ಹಾಕಿಕೊಂಡವನು ವೇಗವಾಗಿ ಹೋಗಬಲ್ಲನು; ಏಕೆ ವೇಗವಾಗಿ ಹೋದೆನೆಂಬುದು ಅವನಿಗೆ ತಿಳಿಯದು, ಏಕೆ ತಿರುಗಿ ಹುಲ್ಲಿನ ಮೇಲೆ ನಿಂತೆನೆಂಬುದೂ ತಿಳಿಯದು. ಪಾರ್ಕಿಂಗ್ ಲಾಟಿನಲ್ಲಿ ಇದರ ಬೆಲೆ ಒಂದೆರಡು ಕೋನು, ಟ್ರ್ಯಾಕಿನಲ್ಲಿ ಹಾಗಲ್ಲ.

ಟೈರನ್ನು ಕೊಂಡು ತಂದರೆ ಮುಗಿಯಿತೆಂದು ತಿಳಿಯುವವರುಂಟು. ಕೊಂಡುದರ ಅರ್ಧ ಗುಣವು ಗಾಳಿಯಲ್ಲಿದೆ, ಗಾಳಿಗಾದರೋ ಹಣ ಕೊಡಬೇಕಾಗಿಲ್ಲ. ಬೆಳಗ್ಗೆ ಗಾಡಿಯನ್ನು ಸಾಲಿಗೆ ತರುವ ಮುನ್ನ ನಾನು ಮುಂದಿನ ಟೈರಿನ ಹೊರ ಅಂಚಿನ ಮೇಲೆ, ನೆಲಕ್ಕೆ ತಾಗುವ ಮುಖವು ಮುಗಿದು ಪಕ್ಕೆ ಆರಂಭವಾಗುವ ಆ ತಿರುವಿಗೆ ಅಡ್ಡಲಾಗಿ, ಬಿಳಿಯ ಸೀಮೆಸುಣ್ಣದಿಂದ ನಾಲ್ಕೈದು ಗೆರೆಗಳನ್ನೆಳೆಯುತ್ತೇನೆ. ಓಟ ಮುಗಿಸಿ ಬಂದು ಬಗ್ಗಿ ನೋಡಿದರೆ ಗೆರೆಯು ಎಲ್ಲಿಯವರೆಗೆ ಅಳಿಸಿದೆ, ಎಲ್ಲಿಂದ ಉಳಿದಿದೆ ಎಂಬುದು ಸ್ಪಷ್ಟವಾಗಿರುತ್ತದೆ. ಅಂಚಿನ ಮೇಲೆ ಕಂಪನಿಯವರು ಅಚ್ಚೊತ್ತಿರುವ ಕಿರಿಯ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿಯಾಯಿತು. ಅದನ್ನೂ ದಾಟಿ ಪಕ್ಕೆಯೇ ನೆಲವನ್ನು ಉಜ್ಜಿದ್ದರೆ ಗಾಳಿ ಸಾಲದು. ಮುಖದ ಅಂಚಿನಲ್ಲಿಯೇ ಸುಣ್ಣ ಉಳಿದಿದ್ದರೆ ಹೆಚ್ಚಾಯಿತು. ಟ್ರ್ಯಾಕಿನಲ್ಲಿ ಇನ್ನೂ ಒಂದು ಉಪಕರಣವನ್ನು ಬಳಸುವರು: ಸೂಜಿಯ ಮೊನೆಯ ತಾಪಮಾಪಕವನ್ನು ಬಿಸಿ ರಬ್ಬರಿನ ಒಳ ಅಂಚು, ನಡು, ಹೊರ ಅಂಚುಗಳಲ್ಲಿ ಚುಚ್ಚಿ ಓದುವುದು. ಹೊರ ಅಂಚು ಮಾತ್ರ ಬಹಳ ಬಿಸಿಯಾಗಿದ್ದರೆ ಚಕ್ರವನ್ನು ಒಳಕ್ಕೆ ಓರೆ ಮಾಡುವ ಕ್ಯಾಂಬರಿನ ಕೊರತೆ. ನಡುಭಾಗ ಬಿಸಿಯಾಗಿದ್ದರೆ ಗಾಳಿಯ ಅತಿರೇಕ. ತಾಪವು ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡವು ಸುಮಾರು ಒಂದು ಪಿಎಸ್‌ಐ ಏರುವುದರಿಂದ, ಬೆಳಗ್ಗೆ ಗ್ಯಾರೇಜಿನಲ್ಲಿ ಸರಿಯಾಗಿದ್ದ ಗಾಳಿ ಹತ್ತು ಗಂಟೆಗೆ ಸರಿಯಾಗಿರುವುದಿಲ್ಲ. ಈ ಕಾರಣದಿಂದಲೇ ಅನುಭವಿಗಳು ಗಾಡಿಯಿಂದ ಇಳಿದೊಡನೆ ತಲೆಯ ಹೆಲ್ಮೆಟನ್ನು ತೆಗೆಯುವ ಮೊದಲು ಚಕ್ರದ ಬಳಿ ಮಂಡಿಯೂರುವುದು.

ನಮ್ಮ ನಾಡಿನ ಓದುಗರಿಗೆ ಒಂದು ಮಾತನ್ನು ಹೇಳಿಬಿಡುತ್ತೇನೆ: ಭಾರತದಲ್ಲಿ ಆಟೋಕ್ರಾಸ್ ಬಹುಮಟ್ಟಿಗೆ ಮಣ್ಣಿನ ಮೇಲಿನ ಆಟ. ಅಲ್ಲಿಯೂ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ರ‍್ಯಾಲಿಗಳಲ್ಲಿಯೂ ಬೇಕಾಗುವ ಟೈರು ಬೇರೆಯ ಜಾತಿಯದು. ಮಣ್ಣನ್ನು ಕಚ್ಚಿ ಎಳೆಯುವ ಗಟ್ಟಿಮುಟ್ಟಾದ ಕಟ್ಟೆಗಳೂ, ಕಲ್ಲಿನ ಪೆಟ್ಟಿಗೆ ಬಗ್ಗದ ಪಕ್ಕೆಗಳೂ ಅದರ ಲಕ್ಷಣ. ಡಾಂಬರಿನ ಮೇಲಿನ ವೇಗಕ್ಕೆ ಹಿಂದೆ ಮದರಾಸಿನ ಬಳಿ ಶೋಳವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದ ಪಟ್ಟಿಯಿತ್ತು. ಈಗ ಇರುಂಗಾಟ್ಟುಕೋಟೈಯ ಟ್ರ್ಯಾಕೂ ಕೊಯಮತ್ತೂರಿನ ಕರಿ ಸ್ಪೀಡ್‌ವೇಯೂ ಇವೆ. ಬೆಂಗಳೂರಿನ ಹವ್ಯಾಸಿಗಳು ರಾತ್ರಿಯೇ ಹೊರಟು ಬೆಳಗಾಗುವ ಹೊತ್ತಿಗೆ ಅಲ್ಲಿರುತ್ತಾರೆ. ಮೈಸೂರಿನಲ್ಲಿ ವಿಕ್ರಾಂತ್ ಎಂದು ಆರಂಭವಾಗಿ ಮುಂದೆ ಜೆ.ಕೆ. ಟೈರಿನ ವಶವಾದ ಕಾರ್ಖಾನೆಯುಳ್ಳ ನಾವು ಈ ವಿದ್ಯೆಗೆ ತೀರ ಅಪರಿಚಿತರೇನಲ್ಲ.

ಟೈರಿಗೆ ಎರಡು ಬಗೆಯ ಮರಣವುಂಟು; ಗೆರೆ ಸವೆದು ಸಾಯುವುದು ಕಣ್ಣಿಗೆ ಕಾಣುತ್ತದೆ, ಕಾದು ತಣಿದು ಕಾದು ತಣಿದು ಗಡುಸಾಗಿ ಸಾಯುವುದು ಕಾಣುವುದಿಲ್ಲ. ಗೆರೆಗಳೆಲ್ಲ ಆಳವಾಗಿದ್ದು, ಉಗುರಿನಿಂದ ಒತ್ತಿದರೆ ಗುರುತು ಬೀಳದಂಥ ಟೈರನ್ನು ಅಗ್ಗಕ್ಕೆ ಮಾರುವವರು ಬಹಳ ಮಂದಿ ಇದ್ದಾರೆ. ಕೊಳ್ಳುವವನು ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದತಕ್ಕದ್ದು: 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದುದು. ಇನ್ನು ಮಿಚಿಗನ್ನಿನ ಚಳಿಯಾದರೋ ಇಂಥ ರಬ್ಬರಿನ ಶತ್ರು. ಸೊನ್ನೆಗಿಂತ ಬಹಳ ಕೆಳಗಿನ ತಾಪದಲ್ಲಿ ಈ ಬೇಸಗೆಯ ಮಿಶ್ರಣಗಳು ಗಾಜಿನ ಗುಣವನ್ನು ತಾಳುವುದರಿಂದ, ಆಗ ಅವನ್ನು ಉರುಳಿಸಿದರೂ ಬಾಗಿಸಿದರೂ ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಆದುದರಿಂದ ನವೆಂಬರ್ ತಿಂಗಳಲ್ಲಿ ನನ್ನ ನಾಲ್ಕು ಟೈರುಗಳು ಕಪ್ಪು ಚೀಲಗಳಲ್ಲಿ ಸುತ್ತಿಸಿಕೊಂಡು ಮನೆಯ ನೆಲಮಾಳಿಗೆಗೆ ಇಳಿದು, ಅಕ್ಕಿಯ ಮೂಟೆಗಳ ಪಕ್ಕದಲ್ಲಿ ಮಾರ್ಚಿನವರೆಗೆ ಬೆಚ್ಚಗೆ ಮಲಗುತ್ತವೆ. ಸೋನಾ ಮಸೂರಿಗೆ ರಬ್ಬರಿನ ವಾಸನೆ ಹತ್ತಿತೆಂಬುದು ಮನೆಯಾಕೆಯ ಆರೋಪ. ಹತ್ತಿಲ್ಲವೆಂಬುದು ನನ್ನ ವಾದ. ಅನ್ನವನ್ನು ಬಡಿಸುವವರು ಅವರಾದುದರಿಂದ ನಾನು ವಾದವನ್ನು ಬಹಳ ದೂರ ಬೆಳೆಸುವುದಿಲ್ಲ.

ಒಂದು ನಿಮಿಷಕ್ಕೊಂದು, ಇಪ್ಪತ್ತು ನಿಮಿಷಕ್ಕೊಂದು ಎಂದು ಎರಡು ಸೆಟ್ಟುಗಳನ್ನು ಇಟ್ಟುಕೊಳ್ಳುವುದೇ ಶಾಸ್ತ್ರೀಯವಾದ ಮಾರ್ಗವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಿಯಾಟಾ ಎರಡೇ ಆಸನಗಳ ಗಾಡಿ. ಅದರ ಹಿಂಬದಿಯ ಪೆಟ್ಟಿಗೆಯಲ್ಲಿ ಒಂದು ಟೈರನ್ನು ತುರುಕುವುದೇ ಪ್ರಯಾಸ. ಇದಕ್ಕೆ ಪರಿಹಾರವಾಗಿ ಕೆಲವರು ನಾಲ್ಕು ಟೈರುಗಳು ಮಾತ್ರ ಹಿಡಿಸುವಂಥ ಪುಟ್ಟ ಟ್ರೇಲರನ್ನು ಆ ಪುಟ್ಟ ಗಾಡಿಯ ಹಿಂದೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋಗುವುದನ್ನು ನೀವು ಕಾಣಬಹುದು. ನೋಡುವುದಕ್ಕೆ ಅತ್ಯಂತ ರಮಣೀಯವಾದ ಮೆರವಣಿಗೆಯದು, ಆದರೆ ನನ್ನ ವಯಸ್ಸಿಗೂ ನಮ್ಮ ಗ್ಯಾರೇಜಿನ ಅಗಲಕ್ಕೂ ಒಪ್ಪತಕ್ಕದ್ದಲ್ಲ. ಹಾಗಾಗಿ ಜಿಂಜರ್‌ಮ್ಯಾನಿಗೂ ಪಾರ್ಕಿಂಗ್ ಲಾಟಿಗೂ, ಮಳೆ ಬಂದರೆ ಮನೆಗೆ ಹಿಂದಿರುಗುವುದಕ್ಕೂ ಒಂದೇ ಸೆಟ್ಟಿರಲೆಂದು 205/50ಆರ್15 ಅಳತೆಯ ಆರ್‌ಎಸ್4ಗಳನ್ನು ತರಿಸಿದ್ದೇನೆ. ಟ್ರ್ಯಾಕಿನಲ್ಲಿ ಅವುಗಳ ಮೇಲೆ ನನಗೆ ದೂರಿಲ್ಲ. ಆಟೋಕ್ರಾಸಿನ ಬೆಳಗಿನಲ್ಲಿ ಮಾತ್ರ ಅವು ನಿದ್ದೆಯಿಂದ ಏಳುವುದು ತಡ. ಮೊದಲ ರನ್ನಿನಲ್ಲಿ ಮೂತಿಯು ಹೊರಕ್ಕೆ ಜಾರಿ ಒಂದು ಕೋನು ಬೀಳುತ್ತದೆ, ಎರಡನೆಯದರಲ್ಲಿ ಕೋನು ಉಳಿಯುತ್ತದೆ ಆದರೆ ಕಾಲ ಹೋಗುತ್ತದೆ, ಮೂರನೆಯದರಲ್ಲಿ ರಬ್ಬರು ಹದಕ್ಕೆ ಬರುವ ಸೂಚನೆ ತೋರುವಷ್ಟರಲ್ಲಿ, ನನ್ನದೇ ವರ್ಗದಲ್ಲಿ ಎ052 ಹಾಕಿರುವ ಗೆಳೆಯನು ತನ್ನ ಕಾಲವನ್ನು ಬರೆಯಿಸಿ ಮುಗಿಸಿ, ಪಂಪನ್ನು ಹೆಗಲಿಗೇರಿಸಿಕೊಂಡು ಟೈರುಗಳಿಗೆ ನೀರು ಹೊಡೆಯುತ್ತ, ನಿಮ್ಮದಕ್ಕೂ ಸ್ವಲ್ಪ ಹೊಡೆಯಲೇ ಎಂದು ಕೇಳುತ್ತಾನೆ.